ಯಾವ ಕಪಾಟಿಗೆ

ಅವಳು ಮೊದಲ ಸಲ ಒಯ್ದದ್ದು ಮೂಳೆಗಳ ಪುಸ್ತಕ.
ಒಂದು ಪಾದದಲ್ಲೇ ಇಪ್ಪತ್ತಾರು ಎಲುಬು, ಗೊತ್ತಾ ಹಾಲ್ವರ್,
ಎಂದು ಮೇಜಿನ ಮೇಲೆ ಬೆರಳೂರಿ ಕೇಳಿದಳು.
ಗೊತ್ತಿರಲಿಲ್ಲ. ನನ್ನ ಕೆಲಸ ಗಾಡಿ ತಳ್ಳುವುದು,
ವಾಪಸು ಬಂದದ್ದನ್ನು ಅದರದರ ಮನೆ ಮುಟ್ಟಿಸುವುದು.

ಆಮೇಲೆ ಇಗರ್ಜಿಯ ಹಳೆ ದಫ್ತರ:
ಭಾನುವಾರ ಕುಣಿದವರಿಗೆ ಪಾದ್ರಿ ಬರೆದಿಟ್ಟ ಬೈಗುಳ.
ಆಮೇಲೆ ಕಂಪನಗಳ ಭೌತಶಾಸ್ತ್ರ
(ಎರಡು ಸಲ ಅವಧಿ ಮೀರಿ, ದಂಡ ಕಟ್ಟಿದಳು),
ವಲಸೆಯ ಅಂಕಿಅಂಶ, ಮತ್ತೊಂದು ತೆಳ್ಳಗಿನದು,
ನೆಲಕ್ಕೆ ಹಲಗೆ ಜೋಡಿಸುವ ಬಡಗಿಗಳಿಗೆಂದು ಬರೆದದ್ದು.
ಏನು ಓದುತ್ತೀ ನೀನು?
ನೃತ್ಯ, ಎಂದಳು ಸಿಗ್ನೆ, ಒದ್ದೆ ಟೊಪ್ಪಿ ಕೊಡವುತ್ತ.
ಹಿಮ ಕರಗಿ ರಸೀದಿಯ ಮೇಲೆ ತೊಟ್ಟಿಕ್ಕಿತು.

ಆ ಪದವಿಗೆ ತ್ರೋಂದ್‌ಹೈಮಿನಲ್ಲಿ ಸ್ವಂತ ಮನೆಯಿಲ್ಲ.
ಸೋಮವಾರ ವೈದ್ಯರ ಕಟ್ಟಡದ ನೆಲಮಾಳಿಗೆ,
ಬುಧವಾರ ಇತಿಹಾಸದವರು ಬಿಟ್ಟುಕೊಟ್ಟ ಕಿಟಕಿಯಿಲ್ಲದ ಕೋಣೆ,
ಶುಕ್ರವಾರ ವ್ಯಾಯಾಮಶಾಲೆ, ಬ್ಯಾಡ್ಮಿಂಟನ್ನಿನವರು ಬರುವ ತನಕ.
ಒಬ್ಬರ ಮನೆಯಲ್ಲಿ ಉಂಡು ಇನ್ನೊಬ್ಬರ ಮನೆಯಲ್ಲಿ ಮಲಗುವ ವಿದ್ಯೆ.
ಅವಳಪ್ಪ ಹಡಗಿಗೆ ಬೆಸುಗೆ ಹಾಕುವವನು, ಫೋನಿನಲ್ಲಿ ಕೇಳಿದನಂತೆ:
ಕುಣಿಯಲಿಕ್ಕೆ ಕಾಲು ಸಾಲದೇ, ಕಪಾಟು ಯಾಕೆ?
ಹೇಳುತ್ತ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

ದಕ್ಷಿಣದ ಒಂದು ಕಣಿವೆಯಲ್ಲಿ ಮೂರು ಪೆಟ್ಟಿನ ಕುಣಿತ.
ಮೂರೂ ಸಮವಲ್ಲ. ಒಂದು ನಿಡಿದು, ಒಂದು ಅಷ್ಟಕ್ಕಷ್ಟೆ,
ಒಂದು ಗಿಡ್ಡ, ಕಿಸೆಯಿಂದ ಬಿದ್ದ ಚಿಲ್ಲರೆಯಂತೆ.
ಹೊರಗಿನವರು ಕುಣಿದರೆ ಎಡವುತ್ತಾರೆ,
ಒಳಗಿನವರು ಎಣಿಸಿದರೆ ಎಡವುತ್ತಾರೆ.
ಯಾಕೆ ಹೀಗೆ? ಇಷ್ಟೇ ಅವಳ ಪ್ರಬಂಧ.

ಎಂಬತ್ತೊಂಬತ್ತರ ಟೊರ್ಗೇರನ ಮೊಣಕಾಲಿಗೆ, ಹಿಮ್ಮಡಿಗೆ, ಸೊಂಟಕ್ಕೆ
ಬಟಾಣಿ ಗಾತ್ರದ ಮೂವತ್ತೊಂದು ಗುಂಡು ಅಂಟಿಸಿದಳು.
ಕ್ಯಾಮೆರಾಗಳಿಗೆ ಮುದುಕ ಕಾಣಲಿಲ್ಲ,
ಮಿಣುಕುವ ಚುಕ್ಕಿಗಳು ಮಾತ್ರ.
ಒಂದು ನಕ್ಷತ್ರಪುಂಜ ಕೆಮ್ಮಿತು,
ಪಿಟೀಲಿಗೆ ಕಾದು, ತಿರುಗಿತು.
ಪರದೆಗೆ ಗೆರೆ ಬಂತು. ಎರಡನೆಯ ಪೆಟ್ಟು ತಡ,
ಪ್ರತಿ ಸಲವೂ ತಡ, ಅಷ್ಟೇ ತಡ.

ಕೇಳಿದ್ದಕ್ಕೆ ಟೊರ್ಗೇರ್ ಹೇಳಿದ:
ಹಳೇ ಕಣಜದ ಅಟ್ಟದಲ್ಲಿ ಒಂದು ಹಲಗೆ ಮುರಿದಿತ್ತು,
ದಾಟಿ ಹೆಜ್ಜೆ ಇಡಬೇಕಿತ್ತು. ಅಷ್ಟೆ.
ತಂಗಿ ಗುನ್ವೋರ್ ಕಾಫಿ ಬಟ್ಟಲು ಕೆಳಗಿಟ್ಟಳು:
ಸುಳ್ಳು. ಪಿಟೀಲಿನವನಿಗೆ ಕಾಲು ಕುಂಟು,
ತಾಳ ಹಾಕುವ ಕಾಲೇ ಕುಂಟು,
ಊರಿಗೆ ಊರೇ ಅವನ ಕಾಲಲ್ಲಿ ಕುಣಿಯಿತು.
ಹಲಗೆ ಮುರಿದದ್ದು ಆಮೇಲೆ, ನೀನು ಕುಡಿದು ಬಿದ್ದ ವರ್ಷ.
ಅಣ್ಣ ತಂಗಿ ಆ ದಿನವಿಡೀ ಮಾತಾಡಲಿಲ್ಲ.

ಲೆಕ್ಕದ ಹಾಳೆಯಲ್ಲಿ ಹಲಗೆಗೆ ಕಾಲಂ ಇರಲಿಲ್ಲ,
ಕುಂಟಿಗೂ ಇರಲಿಲ್ಲ.
ಪೆನ್ಸಿಲ್ಲಿನಲ್ಲಿ ಎರಡು ಗೆರೆ ಅವಳೇ ಎಳೆದುಕೊಂಡಳು.

ಮೌಖಿಕ ಪರೀಕ್ಷೆಗೆ ಮೂವರು.
ಭೌತಶಾಸ್ತ್ರದವರು ಗೆರೆ ಒಪ್ಪಿದರು, ಹಲಗೆ ಒಪ್ಪಲಿಲ್ಲ.
ಇತಿಹಾಸದವರು ಹಲಗೆ ಒಪ್ಪಿ, ಮುರಿದ ಇಸವಿ ಕೇಳಿದರು.
ನೃತ್ಯದವರು ಏನೂ ಕೇಳದೆ ಮೇಜಿನ ಕೆಳಗೆ
ಹಿಮ್ಮಡಿ ಎತ್ತಿ ಇಳಿಸಿ ಆ ತಡವನ್ನು ತೂಗುತ್ತಿದ್ದರಂತೆ.
ಇದು ಅವಳು ಹೇಳಿದ್ದು, ನಾನು ಕಂಡದ್ದಲ್ಲ.

ನನ್ನ ಕೈಗೆ ಬಂದದ್ದು ನೀಲಿ ರಟ್ಟಿನ ಒಂದು ಪ್ರತಿ.
ಬೆನ್ನಿಗೆ ಸಂಖ್ಯೆ ಬರೆಯಬೇಕು.
ಎಲುಬಿನ ಪಕ್ಕವೋ, ಪಾದ್ರಿಯ ಪಕ್ಕವೋ?
ಮೂರು ವಿಭಾಗಕ್ಕೂ ಪತ್ರ ಹಾಕಿದೆ.
ಇಬ್ಬರು ‘ಅದು ಅವರದ್ದು’ ಎಂದರು.
ಒಬ್ಬರ ಉತ್ತರ ಇನ್ನೂ ಬಂದಿಲ್ಲ.

ಅಲ್ಲಿಯ ತನಕ ಅದು ನನ್ನ ಗಾಡಿಯ ಮೇಲಿನ ತಟ್ಟೆಯಲ್ಲಿ,
ನಕ್ಷೆಗಳನ್ನು ದಾಟಿ, ಕಾನೂನು ದಾಟಿ, ಮೀನುಗಾರಿಕೆ ದಾಟಿ
ಹಗಲೆಲ್ಲ ತಿರುಗುತ್ತದೆ.
ಎಡಗಡೆಯ ಮುಂದಿನ ಚಕ್ರ ಒಂದು ಕಡೆ ಸವೆದಿದೆ,
ನಿಡಿದಾಗಿ ಒಮ್ಮೆ, ತಡೆದು ಒಮ್ಮೆ, ಚುಟುಕಾಗಿ ಒಮ್ಮೆ
ಕೀರಲುತ್ತದೆ. ಓದುವವರು ತಲೆಯೆತ್ತಿ ನೋಡುತ್ತಾರೆ.
ಎಣ್ಣೆಯ ಡಬ್ಬಿ ಕಿಸೆಯಲ್ಲೇ ಇದೆ.
ಇವತ್ತು ಬೇಡ.