ಹೊಟ್ಟೆ ಕಟ್ಟಿದ ಗಾಡಿ

ಮೂರು ವರ್ಷದಿಂದ ಕದಲದ ಮನೆಗಾಡಿ.
ಟೈರುಗಳಿಗೆ ಹಲಗೆಯ ಮರೆ, ಹಿಂಚಕ್ರದ ಬುಡದಲ್ಲಿ
ಒಂದು ಮುಳ್ಳುಗಿಡ ಆರಾಮಾಗಿ ಬೇರು ಬಿಟ್ಟಿದೆ.
ಅರಿಜೋನಾದ ಬಯಲು, ಜನವರಿ,
ಬೆಳಗಿನ ಬಿಸಿಲಿಗೆ ಇನ್ನೂ ಹಲ್ಲು ಬಂದಿಲ್ಲ.

ಬಾಗಿಲು ತೆರೆದವಳು ನೆಲ್ಡಾ,
ಮೂಗಿನ ಕೆಳಗೆ ನೆಗಡಿಯ ಮುಲಾಮು.
ಒಳಗೆ ವರ್ಲಿನ್, ಗೋಡೆಯ ಕೆಂಪು ದೀಪಕ್ಕೆ ಬೆರಳು ಮಾಡಿ:
'ತುಂಬಿದೆ ಅನ್ನುತ್ತೆ. ತೊಟ್ಟಿಯ ಬಾಯಿ
ಹಗಲೂ ರಾತ್ರಿ ತೆಗೆದೇ ಇಟ್ಟಿದ್ದೀನಿ, ತುಂಬೋದು ಹೇಗೆ?'

ನನ್ನ ಕಸುಬು ಇದೇ. ಹಳೆ ಪಿಕಪ್ಪು, ಹಿಂದೆ ಹೋಸುಗಳ ಸುರುಳಿ,
ಮೊಣಕೈ ದಾಟುವ ಕೈಗವಸು.
ಹನ್ನೊಂದು ಚಳಿಗಾಲದಿಂದ
ಅನ್ಯರ ಹೊಟ್ಟೆಯ ಲೆಕ್ಕ ನೋಡುತ್ತಿದ್ದೇನೆ.
ಮೊದಲು ಕಲಿತದ್ದು: ದೀಪವನ್ನು ನಂಬಬಾರದು.
ಒಂದು ಚೂರು ಒದ್ದೆ ಕಾಗದ ಒಳಗಿನ ಕಡ್ಡಿಗೆ ಅಂಟಿದರೆ ಸಾಕು,
ಬರಿದಾದ ತೊಟ್ಟಿಯೂ ತುಂಬಿದ್ದೇನೆಂದು ಕೂಗುತ್ತದೆ.

ಪೆಡಲು ಒತ್ತಿದೆ. ಬಿಲ್ಲೆ ಸರಿಯಿತು. ಟಾರ್ಚು ಬಿಟ್ಟೆ.
ದೀಪ ಈ ಸಲ ಅರ್ಧ ನಿಜ ಹೇಳಿತ್ತು.
ಗುಂಡಿಯ ನೇರಕ್ಕೆ ಎದ್ದು ನಿಂತಿತ್ತೊಂದು ಗುಡ್ಡ,
ಶಿಖರ ಕೈಗೆಟಕುವಷ್ಟು. ಸುತ್ತ ಒಣ ನೆಲ,
ಹೊರಗಿನ ಬಯಲಿನ ಹಾಗೇ.

'ಒಂದು ಸಲಕ್ಕೆ ಎಷ್ಟು ನೀರು ಬಿಡುತ್ತೀರಿ?'
ವರ್ಲಿನ್ ಕಾಫಿಯ ಕಪ್ಪೆತ್ತಿ ತೋರಿಸಿದ.
ನೆಲ್ಡಾ, ಅವನ ಬೆನ್ನ ಹಿಂದೆ ನಿಂತು,
ಎರಡು ಬೆರಳಿನಲ್ಲಿ ಆ ಕಪ್ಪನ್ನು ಅರ್ಧಕ್ಕೆ ಕೊಯ್ದಳು.

ನಲವತ್ತು ವರ್ಷ ಬಾವಿ ಕೊರೆದವನಂತೆ ಆತ,
ನೆವಾಡಾ, ಯೂಟಾ, ಇನ್ನೆಲ್ಲೋ.
ಎಂಟುನೂರು ಅಡಿ ಇಳಿಸಿ ಬರೀ ಧೂಳು ಬಂದ ದಿನಗಳು
ಈಗಲೂ ತಾರೀಖಿನ ಸಮೇತ ಬಾಯಲ್ಲಿವೆ.
ಅಂಥವರಿಗೆ ಹೇಗೆ ಹೇಳುವುದು,
ನೀರು ಉಳಿಸಿದ್ದೇ ನಿಮ್ಮ ರೋಗ ಎಂದು?
ಬಾಯಿ ತೆರೆದಿಟ್ಟರೆ ತೆಳ್ಳಗಿರುವುದು
ತನ್ನ ಪಾಡಿಗೆ ಹರಿದುಹೋಗುತ್ತದೆ ಮಾರಾಯರೇ,
ಉಳಿದದ್ದು ಉಳಿಯುತ್ತದೆ, ಒಂದರ ಮೇಲೊಂದು.
ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗೆ
ಮೂರು ವರ್ಷ ತುರುಕಿದ್ದೀರಿ.

ಇದನ್ನೆಲ್ಲ ಹೇಳಲಿಲ್ಲ. ವಾಲ್ವು ಮುಚ್ಚಿದೆ,
ಬಕೆಟ್ಟು ಬಕೆಟ್ಟು ಬಿಸಿನೀರು ಹೊಯ್ದೆ.
ಪ್ರತಿ ಬಕೆಟ್ಟಿಗೂ ಆತ ಕಣ್ಣು ಮುಚ್ಚಿದ.

ನೆನೆಯುವ ಹೊತ್ತಿನಲ್ಲಿ ಸೋರುವ ಜಾಗ ಹುಡುಕಿದೆ.
ಕಮೋಡಿನ ಬುಡದಲ್ಲಿ ತೇವ, ಬೋಲ್ಟು ಕಾಲುಸುತ್ತು ಸಡಿಲ.
ಬಿಗಿ ಮಾಡಿದೆ, ಹೆಚ್ಚಲ್ಲ; ಪಿಂಗಾಣಿಗೆ ಮುಂಗೋಪ.
ಬಟ್ಟಲಲ್ಲಿ ನೀರು ನಿಲ್ಲದ್ದಕ್ಕೆ ಕಾರಣ ರಬ್ಬರಿನ ಉಂಗುರ;
ಅದರ ಅಂಚಿನಲ್ಲಿ ಸಿಕ್ಕಿಕೊಂಡಿತ್ತು
ಸೂರ್ಯಕಾಂತಿ ಬೀಜದ ಒಂದು ಸಿಪ್ಪೆ.
'ಯಾರದ್ದಿದು?'
ಇಬ್ಬರೂ ಕಿಟಕಿಯ ಆಚೆ ಏನನ್ನೋ ನೋಡಿದರು.
ಒರೆಸಿ, ಜಿಡ್ಡು ಸವರಿ ಬಿಟ್ಟ ಮೇಲೆ
ಅಂಗೈಯಷ್ಟು ನೀರು ಅಲುಗದೆ ನಿಂತಿತು.
ತೊಟ್ಟಿಯ ನಾತಕ್ಕೂ ಬೆಳಗಿನ ಕಾಫಿಗೂ ನಡುವೆ
ಇರುವುದು ಅಷ್ಟೇ ನೀರು.

ಮಧ್ಯಾಹ್ನ. ಗುಡ್ಡ ಮೆತ್ತಗಾಗಿತ್ತು, ಜಗ್ಗಿರಲಿಲ್ಲ.
'ಇನ್ನೊಂದೇ ದಾರಿ,' ಅಂದೆ. 'ನೀರು ತುಂಬಿಕೊಂಡೇ ಗಾಡಿ ಓಡಿಸಿ.
ತಿರುವು, ಉಬ್ಬು, ಬ್ರೇಕು. ಕುಲುಕಿದರೆ ಕರಗುತ್ತೆ.'
'ಎಷ್ಟು ದೂರ?'
ಹತ್ತು ಮೈಲಿ ಸಾಕಿತ್ತು. ನೆಲ್ಡಾ ನನ್ನನ್ನೇ ನೋಡುತ್ತಿದ್ದಳು.
'ನಲವತ್ತು,' ಅಂದುಬಿಟ್ಟೆ.

ಹಲಗೆ ಕಳಚಿದೆವು. ಮುಳ್ಳುಗಿಡವನ್ನು ಅವನೇ ಕಿತ್ತ.
ಇಂಜಿನ್ನು ಮೂರನೆಯ ಕೂಗಿಗೆ ಓಗೊಟ್ಟಿತು.
ಒಳಗೆ ತಟ್ಟೆ ಲೋಟಗಳ ಗದ್ದಲ.
ನೆಲ್ಡಾ ಮುಂದಿನ ಸೀಟಿನಲ್ಲಿ,
ಯಾವ ಮಾಯದಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಂಡಳೋ.

ಕತ್ತಲಾಗುವಾಗ ಫೋನು.
'ಕೊಲರಾಡೊ ನದಿಯ ದಡದಲ್ಲಿದ್ದೀವಿ. ಇಲ್ಲೊಂದು ಡಂಪ್ ಸ್ಟೇಷನ್ ಇದೆ.
ವಾಲ್ವು ಎಳೀತಿದ್ದಾನೆ, ತಡಿ, ಕೇಳು.'
ಕೊಳವೆಯ ಗಂಟಲಲ್ಲಿ ಮೊದಲೊಂದು ಬಿಕ್ಕು,
ಆಮೇಲೆ ಧೊಸಕ್ಕನೆ ಏನೋ ಜಾರಿ, ಗಳಗಳ ಗಳಗಳ,
ಅದರ ಮೇಲೆ ವರ್ಲಿನ್ನನ ದನಿ,
ಎಂಟುನೂರು ಅಡಿ ಆಳದಿಂದ ಎದ್ದು ಬಂದಂತೆ:
'ಬಂತು! ಬಂತು! ನೆಲ್ಡಾ, ಬಂತು!'

ನಾಳೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತಾರಂತೆ,
ಚೆನ್ನಾಗಿ ತೊಳೆದುಹೋಗಲಿ ಅಂತ.
ನನಗೆ ಬರಬೇಕಾದ ತೊಂಬತ್ತು ಡಾಲರು
ಇನ್ನೂ ದಾರಿಯಲ್ಲಿದೆ.