ಹಿಂದಿನ ಸೀಟು

ಗಾಡಿಯ ವಿಮೆ ಇವತ್ತು ರಾತ್ರಿ ಹನ್ನೆರಡಕ್ಕ ಮುಗೀತದ.
ಹುಮನಾಬಾದ ಬಸ್‌ಸ್ಟ್ಯಾಂಡಿನ ಎದುರು, ಝೆರಾಕ್ಸ್ ಅಂಗಡಿಯ ಮಗ್ಗುಲ,
ಜಗದೇವಿಯ ಟೇಬಲ್ಲಿನ ಮುಂದ ಕುಂತೀನಿ.
ಬೆರಳಿನ ಸಂದ್ಯಾಗ ಇನ್ನೂ ಹೊಲಿಗಿ ಮಷೀನಿನ ಎಣ್ಣಿ.

ಅಳಿಯ ಫೋನಿನ್ಯಾಗ ಮೂರು ಕಂಪನಿ ತೆಗೆದು ತೋರಿಸಿದ್ದ:
ಒಂದು ಎಂಟುನೂರಾ ಹದಿನಾಲ್ಕು,
ಒಂದು ಸಾವಿರದ ಏಳುನೂರು ಚಿಲ್ಲರ,
ಮೂರನೇದು ಎರಡೂವರಿ ಸಾವಿರ, ಮ್ಯಾಲ ಹೆಲ್ಮೆಟ್ಟಿನ ಚಿತ್ರ.
ದರ್ಜಿ ಸುಣ್ಣದಲೆ ರಸೀದಿ ಬುಕ್ಕಿನ ಬೆನ್ನಿಗೆ ಬರಕೊಂಡೀನಿ.
ಬೆವರು ತಾಗಿ ಎಂಟು ಅರ್ಧ ಅಳಿಸಿ ಮೂರಾಗ್ಯದ.
ಮುನ್ನೂರಾ ಹದಿನಾಲ್ಕಕ್ಕ ಯಾರರೆ ಕೊಟ್ಟಾರೇನು ಅಂತ
ಒಂದು ಗಳಿಗಿ ಆಸೆ.

ಜಗದೇವಿ ಕನ್ನಡಕ ಏರಿಸಿ ಓದತಾಳ.
"ಅಗ್ಗದ್ದು ಇದು ಬರೇ ಮೂರನೇ ಮನಿಷ್ಯಾಂದು."
ಮೂರನೇದವ ಯಾರು?
"ನಿಮ್ಮ ಗಾಡಿ ಯಾರ ಮೈಮ್ಯಾಲ ಹೋಗತದಲ್ಲ, ಅವ."
ಇಪ್ಪತ್ತು ವರ್ಷದಾಗ ಯಾರ ಮ್ಯಾಲೂ ಹೋಗಿಲ್ಲವಾ,
ಒಂದು ಕೋಳಿ ಬಿಟ್ಟು.
"ಅದಕ್ಕ ಅವನಿಗಿನ್ನೂ ಹೆಸರಿಲ್ಲ" ಅಂದಳು. ನಗಲಿಲ್ಲ.

ಚಿಟಗುಪ್ಪಾ ರಸ್ತೆದಾಗ ಎಲ್ಲೋ
ಎಮ್ಮಿ ಹೊಡಕೊಂಡು ಬರಲಿಕತ್ತಿರಬೇಕು ಅವ.
ತನ್ನ ಸಲುವಾಗಿ ಇಲ್ಲಿ ನಾ ರೊಕ್ಕ ಎಣಿಸೋದು
ಅವನಿಗೆಲ್ಲಿ ಗೊತ್ತು.

"ಗಾಡಿಗೂ ಬೇಕಂದರ ನಡುವಿಂದು.
ಕಳವಾದರ, ಸುಟ್ಟರ, ಇಪ್ಪತ್ತೆರಡು ಸಾವಿರ.
ಪ್ಲಾಸ್ಟಿಕ್ಕು ಒಡೆದರ ಅರ್ಧನೇ ಬರತದ. ಸವಕಳಿ ನೋಡ್ರಿ."

ಸವಕಳಿ ನನಗ ಕಲಸಬ್ಯಾಡ್ರಿ.
ಶಟಲಿನ ಕೊಕ್ಕಿ ಕೂದಲೆಳಿಯಷ್ಟು ಸವದರ ಹೊಲಿಗಿ ಬಿಡತದ.
ಯಾ ಮಷೀನು ಮದವಿ ಸೀಜನ್ನು ದಾಟತದ, ಯಾವುದು ಇಲ್ಲ,
ಬೆರಳಿಟ್ಟು ಹೇಳತೀನಿ.
ನಿರ್ಣಾದ ಖೈರುನ್ನೀಸಾಳ ಮಷೀನು ಅವಳ ಅತ್ತಿ ತಂದದ್ದು,
ಅದಕ್ಕ ಯಾ ಕಂಪನಿ ಬೆಲಿ ಕಟ್ಟತದ?
ನನ್ನ ಗಾಡಿ ಒಂಬತ್ತು ವರ್ಷದ್ದು. ಟಾಕಿ ನೆಗ್ಗ್ಯದ, ಚೈನು ಸಡಿಲ.
ಖರೇ, ಅದು ಒಂದು ವಾರ ನಿಂತರ
ಹದಿನಾಲ್ಕು ಹಳ್ಳಿಯ ರವಿಕಿ ಅರ್ಧಕ್ಕ ನಿಲ್ಲತಾವ.
ಅದನ್ನ ಎಲ್ಲಿ ಬರೀತೀರಿ?
"ಕಾಲಂ ಇಲ್ಲ" ಅಂದಳು.

ಆತು, ನಡುವಿಂದೇ ಹಾಕ್ರಿ ಅಂದೆ.
ಪೆನ್ನು ಎತ್ತಿದಾಕಿ ಕೇಳಿದಳು:
"ಹಿಂದ ಯಾರು ಕೂಡತಾರ?"

ಹೆಂಡತಿ ಕೂಡಲ್ಲ. ಬೆನ್ನುನೋವು, ಆಕಿಗೆ ಬಸ್ಸೇ ಆಗಬೇಕು.
ಟೂಲಿನ ಪೆಟ್ಟಿಗಿ ಕೂಡತದ, ಟ್ಯೂಬಿನ ಪಟ್ಟಿ ಬಿಗಿದು.
ಇಲ್ಲ, ತಡೀರಿ.
ಹಳ್ಳಿಖೇಡ ಕ್ರಾಸಿನ್ಯಾಗ ಕೈ ಮಾಡಿದ ಮುದುಕ,
ಆಸ್ಪತ್ರಿ ಚೀಟಿ ಹಲ್ಲಿನ್ಯಾಗ ಕಚ್ಚಿ.
ಪರೀಕ್ಷಾ ದಿನ ಬಸ್ಸು ತಪ್ಪಿದ ಹುಡುಗಿ,
ನಡುವ ನನ್ನ ಪೆಟ್ಟಿಗಿ ಗೋಡಿಯಂಗ ಇಟಗೊಂಡು.
ಮೊನ್ನಿ ಒಬ್ಬ, ಹೆಸರೂ ಕೇಳಲಿಲ್ಲ,
ದುಬಲಗುಂಡಿ ತನಕ ಹೆಗಲಿಗೆ ಹಣಿ ಹಚ್ಚಿ ನಿದ್ದಿ ಹೊಡೆದ.
ಆ ತೂಕ ಇನ್ನೂ ಬಲಭುಜದಾಗೇ ಅದ.

"ಅವರಿಗೆ ಬ್ಯಾರೆ ಹಾಕಬೇಕು. ಹೆಸರು ಬೇಕಿಲ್ಲ, ಸೀಟಿಗೆ ಹಾಕೋದು.
ಲಕ್ಷಕ್ಕ ಎಪ್ಪತ್ತು ರೂಪಾಯಿ."
ಎಪ್ಪತ್ತು ಅಂದರ ಒಂದು ಬಾಬಿನ್ ಕೇಸು.

ಹಂಗಾರ ನಡುವಿಂದು ಬ್ಯಾಡ.
ಆ ಹೆಸರಿಲ್ಲದವನದು ಹಾಕ್ರಿ, ಈ ಸೀಟಿಂದು ಹಾಕ್ರಿ,
ನನ್ನ ತಲಿಮ್ಯಾಲಿಂದು ಮುನ್ನೂರಾ ಮೂವತ್ತು ಅಂದಿರಲ್ಲ, ಅದೂ.
"ಗಾಡಿ?"
ಗಾಡಿ ಮುರಿದರ ನಾ ಬಿಚ್ಚಿ ಕೂಡಸತೀನಿ.
ಮನಿಷ್ಯಾ ಮುರಿದರ ನನ್ನ ಪೆಟ್ಟಿಗ್ಯಾಗ ಪಾನಾ ಇಲ್ಲ.
"ಕಳವಾದರ?"
ಅದರ ಚೋಕು ಎಳೀಲಿಕ್ಕ ಕಳ್ಳಗೂ ಬರಬೇಕಲ್ಲ ಅಂದೆ,
ಅಂದ ಮ್ಯಾಲ ಹೊಳ್ಳಿ ಒಮ್ಮೆ ಗಾಡಿ ನೋಡಿದೆ.

ಸಾವಿರದ ಎರಡುನೂರಾ ಹದಿನಾಲ್ಕು.
ಪ್ರಿಂಟರು ಗೊರ್ ಅಂತು, ಕಾಗದ ಅರ್ಧ ಹೊರಗ ಬಂತು,
ಕೆಎ ಮೂವತ್ತೊಂಬತ್ತರ ತನಕ.
ಕರೆಂಟು ಹೋತು.

"ಬರತದ, ಕುಂದರ್ರಿ" ಅಂದಳು.
ಹೊರಗ ಬಂದು ಗಾಡಿಯ ಮ್ಯಾಲೇ ಕುಂತೆ.
ಮುಂದ ಅಲ್ಲ, ಹಿಂದ,
ಒಂಬತ್ತು ವರ್ಷದಾಗ ಮೊದಲ ಸಲ.
ಅಲ್ಲಿ ಹಿಡಕೊಳ್ಳಲಿಕ್ಕ
ಏನೂ ಇಲ್ಲ.