ಹೆಕ್ಕುವ ಕೈ

ಸುಂಟಿಕೊಪ್ಪದ ಕ್ಯೂರಿಂಗಿನಲ್ಲಿ
ಹದಿನಾಲ್ಕು ವರ್ಷ ಕಾಫಿಬೀಜ ಹೆಕ್ಕಿದವಳು ನಾನು.
ಮೇಜಿಗೆ ರಾಶಿ ಸುರಿದರೆ
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು:
ಇದು ಕರಿ, ಇದು ಒಡಕು, ಇದು ಹುಳ ಕೊರೆದದ್ದು,
ಇದು ಒಂಟಿಬೀಜ, ದುಂಡಗೆ, ಬೇರೆ ಡಬ್ಬಿಗೆ.
ಜುಬೇದಾಳ ನಾದಿನಿಯ ಜಗಳ ಮುಗಿಯುವುದರೊಳಗೆ
ಅರ್ಧ ಮೂಟೆ.

ಒಂದು ಜನವರಿ, ಬೆಳಿಗ್ಗೆ,
ನಲ್ಲಿ ತಿರುಗಿಸಿದ ಕೈಯ ಉಂಗುರಬೆರಳು
ಬುಡದವರೆಗೂ ಬೆಳ್ಳಗಾಯಿತು,
ಯಾರೋ ಒಳಗಿನ ದೀಪ ಆರಿಸಿ ಹೋದ ಹಾಗೆ.
ಆಮೇಲೆ ನೀಲಿ. ಆಮೇಲೆ ಕೆಂಪು, ಉರಿ, ಜುಮುಜುಮು.
ಮಗಳಿಗೆ ಆಗ ಏಳು. "ಅಮ್ಮ, ನಿನ್ನ ಬೆರಳು ಬಾವುಟ" ಎಂದಳು.
ಯಾವ ದೇಶದ್ದೇ ಎಂದೆ.
ಪುಸ್ತಕ ನೋಡಿ ಹೇಳ್ತೇನೆ ಎಂದು ಓಡಿದಳು.

ವಾತ ಎಂದರು. ರಕ್ತ ಕಡಿಮೆ ಎಂದರು.
ತಣ್ಣೀರು ಮುಟ್ಟಲೇಬೇಡ ಎಂದವರೇ
ಮುಸುರೆಪಾತ್ರೆ ಮುಂದಿಟ್ಟರು.
ಆಟಿ ಹದಿನೆಂಟಕ್ಕೆ ಅತ್ತೆ ಮದ್ದುಸೊಪ್ಪಿನ ಪಾಯಸ ಕಾಯಿಸಿ
ನನಗೊಂದು ಬಟ್ಟಲು ಹೆಚ್ಚೇ ಬಡಿಸಿದರು.
ಮರುದಿನ ಒಂದಕ್ಕೆ ಹೋದದ್ದು ಕೆಂಪಗಾಯಿತು,
ಊರಿನವರೆಲ್ಲರದ್ದೂ ಆಗುವ ಹಾಗೆ.
ಬೆರಳು ಬೆಳ್ಳಗಾಗುವುದು ಬಿಡಲಿಲ್ಲ.

ಮಂಗಳೂರಿನ ಡಾಕ್ಟರು ಮುಂಗೈ ಚಿವುಟಲು ನೋಡಿದರು,
ಚರ್ಮ ಮೇಲೇಳಲಿಲ್ಲ.
ಬಾಯಿ ತೆರೆಸಿ ಸ್ಕೇಲಿನಲ್ಲಿ ಅಳೆದರು.
ಚೀಟಿಯಲ್ಲಿ ಹೆಸರು ಬರೆದರು: ಸ್ಕ್ಲೆರೋಡರ್ಮಾ.
ವಾಪಸು ಬರುವಾಗ ಸಂಪಾಜೆ ಘಾಟಿಯ ಒಂದೊಂದು ತಿರುವಿಗೂ
ಅದನ್ನು ಬಾಯಲ್ಲಿ ಹೊರಳಿಸಿದೆ,
ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆ.
ಮಡಿಕೇರಿ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬಾಯಿಪಾಠ.

ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದಿಷ್ಟು:
ನನ್ನ ರಕ್ತದಲ್ಲೂ ಹೆಕ್ಕುವವರಿದ್ದಾರೆ.
ಹಗಲಿರುಳು ಕೆಲಸ, ಪಾಳಿ ಬದಲಿಲ್ಲ.
ಕರಿಯದು ಯಾವುದು ಒಳ್ಳೆಯದು ಯಾವುದು
ಅವರಿಗೆ ಯಾಕೋ ಮರೆತುಹೋಗಿ
ನನ್ನನ್ನೇ ಬೀಜಬೀಜವಾಗಿ ಹೆಕ್ಕಿ ಬಿಸಾಡುತ್ತಿದ್ದಾರೆ.

ನಿಜ ಹೇಳಬೇಕೆಂದರೆ ಸಿಟ್ಟು ಬರಲಿಲ್ಲ.
ಹೊಸದಾಗಿ ಸೇರಿದ ಹುಡುಗಿಯರು ಹೀಗೇ ಮಾಡುವುದು,
ಬೈಗುಳದ ಭಯಕ್ಕೆ ಒಳ್ಳೆಯದನ್ನೂ ಕರಿಡಬ್ಬಿಗೆ ಹಾಕುವುದು.
ಅವರ ಕೈ ಹಿಡಿದು ತೋರಿಸಿಕೊಟ್ಟಿದ್ದೇನೆ.
ಇವರದ್ದು ಎಲ್ಲಿ ಹಿಡಿಯಲಿ?

ಭಾನುವಾರ ಮಾತ್ರೆ, ಸೋಮವಾರ ಓಕರಿಕೆ.
ಗಂಡನ ಹಳೆಯ ಉಣ್ಣೆ ಕಾಲುಚೀಲಕ್ಕೆ ಐದು ತೂತು, ಅದೇ ಕೈಚೀಲ.
ಕಡುಬನ್ನು ನಾಲ್ಕು ಚೂರು ಮಾಡಿ ತಿನ್ನುತ್ತೇನೆ.
ನಗುವೂ ಚಿಕ್ಕದಾಗಿದೆ.
ಫೋಟೋದವನು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂದ.
ಇಷ್ಟೇ ಇರುವುದು ಮಾರಾಯ ಅಂದೆ.

ಮೇಜಿನಲ್ಲಿ ನನ್ನ ರಾಶಿ ಈಗ ಬೇಗ ಕರಗುವುದಿಲ್ಲ.
ಆದರೂ ಸಂಜೆ ಮೊಣ್ಣಪ್ಪ ತೂಕಕ್ಕೆ ಬಂದಾಗ
ಲೆಕ್ಕ ಸರಿಯಾಗಿರುತ್ತದೆ.
ಸೆಲ್ವಿ ಗೋಡೆಯ ಕ್ಯಾಲೆಂಡರ್ ನೋಡುತ್ತಾಳೆ.
ಜುಬೇದಾ ಸುಮ್ಮನೆ ಕೆಮ್ಮುತ್ತಾಳೆ.
ನಾನು ಕೇಳಿಲ್ಲ, ಅವರು ಹೇಳಿಲ್ಲ.
ಹತ್ತು ಗಂಟೆಯ ಕಾಫಿ ಬಂದರೆ
ಮೊದಲು ನನ್ನ ಕೈಗೆ ಲೋಟ ಕೊಡುತ್ತಾರೆ,
ಬಿಸಿ ಆರಿದ ಮೇಲೆ ಕುಡಿಯುತ್ತೇನೆ.

ಮೊನ್ನೆ ರೇಷನ್ ಅಂಗಡಿಯಲ್ಲಿ
ಹೆಬ್ಬೆರಳಿಟ್ಟರೆ ಮಿಷನ್ನು ಕೀಂ ಎಂದಿತು.
ಒರೆಸಿ ಇಡಿ ಅಕ್ಕಾ, ಎಂದ ಹುಡುಗ.
ಒರೆಸಿದೆ. ಊದಿದೆ. ಕಂಕುಳಲ್ಲಿ ಬಿಸಿ ಮಾಡಿಟ್ಟೆ.
ಗೆರೆಗಳೆಲ್ಲ ಬಿಗಿದು ನುಣ್ಣಗಾಗಿವೆ,
ಒದ್ದೆ ಸೋಪಿನ ಹಾಗೆ.
ತೋರುಬೆರಳು, ಕೀಂ. ಮಧ್ಯದ್ದು, ಕೀಂ.
ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರಿಟ್ಟರು.
ನಾನು ಯಾರೆಂದು ಕೇಳಿದರೆ
ಒಂಬತ್ತು ಬೆರಳು ಗೊತ್ತಿಲ್ಲ ಎಂದವು.

ಕೊನೆಗೆ ಎಡಗೈಯ ಕಿರುಬೆರಳು,
ಯಾವತ್ತೂ ಒಂದು ಬೀಜ ಹೆಕ್ಕದ ಸೋಮಾರಿ.
ಹಸಿರು ದೀಪ.
"ಕುಸುಮಾವತಿ, ಅಲ್ವಾ?" ಎಂದ ಹುಡುಗ ಪರದೆ ನೋಡಿ.
ಹೌದಪ್ಪ ಎಂದೆ, ಸ್ವಲ್ಪ ಜೋರಾಗಿಯೇ.

ಅಕ್ಕಿ ಮೊಣಕೈಗೆ ನೇತುಹಾಕಿಕೊಂಡು ಹೊರಟೆ.
ಕಿರುಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ.
ಮುಂದಿನ ತಿಂಗಳದ್ದು ಮುಂದಿನ ತಿಂಗಳು.